ನಾಗಪತಿಯ ಬ್ರೇಕು

ಎಕ್ಕಂಬಿಯ ಬಸ್ಸು ಒಂಬತ್ತೂವರೆಗೆ ಬರುತ್ತದೆ, ಶಿರಸಿಯ ಸ್ಟ್ಯಾಂಡಿನಿಂದ ಈ ಏರು ಹತ್ತಲು ನಾಗಪತಿಯ ಕಾಲಿಗೆ ಅರ್ಧ ಗಂಟೆ ಬೇಕು, ಅಂದರೆ ಹತ್ತಕ್ಕೆ ಅವನು ಈ ಅಂಗಳದಲ್ಲಿರುತ್ತಾನೆ. ಬೆಳಗಿನಿಂದ ನಾಲ್ಕನೇ ಸಲ ಸದಾಶಿವ ಈ ಲೆಕ್ಕ ಹಾಕಿದ. ಬಸ್ಸು ತಪ್ಪಿಹೋಗಿದ್ದರೆ, ಅಥವಾ ಹಬ್ಬದ ದಿನ ಹೋಗುವುದು ಬೇಡವೆಂದು ಅವನ ಹೆಂಡತಿ ನಾಗಿ ತಡೆದಿದ್ದರೆ ಎಂಬ ಆಸೆ ಒಂದು ಗಳಿಗೆ ಮೂಡಿತು. ಮೂಡಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಕರೆದವನು ತಾನೇ ಅಲ್ಲವೇ. ನಿನ್ನೆ ಸಂಜೆ ಫೋನು ಮಾಡಿ, “ಝೆನ್ ಕಾರಿನ ಬ್ರೇಕ್ ಬಿಚ್ಚಿದ್ದೆ, ಒಂದು ಪಿಸ್ಟನ್ ಹೊರಗೇ ಬರ್ತಾ ಇಲ್ಲ ಮಾರಾಯ, ನೀ ಬಂದರೆ ಚಲೋ ಇತ್ತು” ಎಂದಿದ್ದ. “ಬರ್ತೆ ಬಿಡು, ಪಂಪ್ ತಕಂಡು ಬರ್ತೆ” ಎಂದು ನಾಗಪತಿ ಫೋನಿಟ್ಟ. ಇಷ್ಟು ವರ್ಷ ಮದುವೆ ಮುಂಜಿಗಳಲ್ಲಿ ಎದುರಾದಾಗ ನಕ್ಕು, ಆರೋಗ್ಯ ಕೇಳಿ, ಊಟದ ಪಂಕ್ತಿಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂತ ಮನುಷ್ಯ, ಯಾಕೆ ಏನು ಎಂದು ಕೇಳದೆ ಒಪ್ಪಿಕೊಂಡಿದ್ದ. ಸದಾಶಿವನಿಗೆ ರಾತ್ರಿ ಸರಿಯಾಗಿ ಊಟ ಸೇರಲಿಲ್ಲ. ಪಿಸ್ಟನ್ ಏನು, ಇನ್ನೊಂದು ದಿನ ತಾಳ್ಮೆಯಿಂದ ಕೂತಿದ್ದರೆ ತನ್ನ ಕೈಗೇ ಬರುತ್ತಿತ್ತು.

ಅಂಗಳದ ತಗಡಿನ ಮಾಡಿನ ಕೆಳಗೆ ಕಾರು ಮುಂದಿನ ಎರಡು ಚಕ್ರ ಕಳಚಿಕೊಂಡು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ನಾಲ್ಕು ವರ್ಷ ಅಲುಗದೆ ನಿಂತದ್ದಕ್ಕೆ ಬ್ರೇಕು ಕಚ್ಚಿಕೊಂಡಿತ್ತು. ಅಮ್ಮ ಸೀತಮ್ಮನಿಗೆ ಎಂಬತ್ತಾರು; ಈ ದೀಪಾವಳಿಯೊಳಗೆ ಒಮ್ಮೆ ಸ್ವರ್ಣವಲ್ಲಿ ಮಠಕ್ಕೆ ಹೋಗಿ ಬರಬೇಕು, ಅದೂ ಈ ಕಾರಿನಲ್ಲೇ ಎಂದು ಹಟ. ಬಾಡಿಗೆ ಕಾರಿನ ಸೀಟು ತನ್ನ ಬೆನ್ನಿಗೆ ಹೊಂದುವುದಿಲ್ಲವಂತೆ. ಕೊರಿಯರಿನಲ್ಲಿ ರಬ್ಬರ್ ಕಿಟ್ ತರಿಸಿ, ಚಕ್ರದ ಡಿಸ್ಕನ್ನು ಪಿಸ್ಟನ್ನಿನಿಂದ ಒತ್ತಿ ಹಿಡಿಯುವ ಎರಡು ಕ್ಯಾಲಿಪರುಗಳನ್ನು ಬಿಚ್ಚಿ, ತೊಳೆದ ಸಿಮೆಂಟಿನ ಮೇಲೆ ಹಳೇ ಪೇಪರ್ ಹಾಸಿ ಇಟ್ಟಿದ್ದ. ಬೋಲ್ಟುಗಳು ಒಂದು ಬಟ್ಟಲಲ್ಲಿ, ಪಿನ್ನುಗಳು ಇನ್ನೊಂದರಲ್ಲಿ, ಪ್ರತಿಯೊಂದಕ್ಕೂ ಚೀಟಿ: ಎಡ ಮೇಲೆ, ಎಡ ಕೆಳಗೆ, ಬಲ ಮೇಲೆ. ಮೂವತ್ತೊಂದು ವರ್ಷ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಸಹಾಯಕನಾಗಿದ್ದವನ ಚಾಳಿ, ರಿಟೈರ್ ಆದರೂ ಹೋಗಿಲ್ಲ. ಲ್ಯಾಬಿಗೆ ಬರುವ ಪ್ರತಿ ಹೊಸ ತಂಡಕ್ಕೂ ಅವನು ಒಂದೇ ಮಾತು ಹೇಳುತ್ತಿದ್ದ: ಕಂಡದ್ದನ್ನು ಕಂಡಷ್ಟೇ ಬರೆಯಿರಿ, ಉತ್ತರ ಬರಬೇಕು ಅಂತ ರೀಡಿಂಗ್ ತಿದ್ದಬೇಡಿ. ಹುಡುಗರು ತಿದ್ದುತ್ತಿದ್ದರು. ಅವನು ಹಿಡಿದು ಬಯ್ಯುತ್ತಿದ್ದ. ಬಯ್ಯುವಾಗಲೆಲ್ಲ ಯಾರೋ ಹಿಂದೆ ನಿಂತು ಕೇಳಿಸಿಕೊಂಡು ನಗುತ್ತಿದ್ದಾರೆ ಎಂದು ಅನಿಸುತ್ತಿತ್ತು.

“ಇವತ್ತು ನವಮಿ ಹೇಳಿ ನೆನಪಿದ್ದಾ ನಿಂಗಕ್ಕೆ?” ಹೆಂಡತಿ ಪರಿಮಳಾ ಬಾಗಿಲಲ್ಲಿ ನಿಂತು ಕೇಳಿದಳು. “ಆಯುಧ ಪೂಜೆ ದಿನ ಕಾರು ತೊಳದು ಹೂ ಹಾಕದು ಬಿಟ್ಟು ಕೈಕಾಲು ಮುರದು ಕೂರ್ಸಿದ್ರಿ.” ಅವನು ನೆನಪಿದೆ ಎಂಬಂತೆ ತಲೆ ಆಡಿಸಿದ. ನೆನಪಿಲ್ಲದೆ ಏನು. ನವಮಿಗೇ ನಾಗಪತಿಯನ್ನು ಕರೆದದ್ದು ಬೇಕೆಂದೇ ಅಥವಾ ಬುದ್ಧಿ ಅಷ್ಟು ಮಂಕಾಗಿತ್ತೇ ಎಂದು ಅವನಿಗೇ ತಿಳಿಯದು.

ಇಪ್ಪತ್ತೈದು ವರ್ಷದ ಹಿಂದಿನ ನವಮಿಗೂ ಈ ಕ್ಯಾಲಿಪರುಗಳು ಈ ಅಂಗಳದಲ್ಲೇ ಇದ್ದವು. ಆಗ ನಾಗಪತಿಗೆ ಸಿದ್ದಾಪುರದಲ್ಲಿ ಗ್ಯಾರೇಜು. ಇಬ್ಬರೂ ಅಲ್ಲಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚು. ಸದಾಶಿವ ಲ್ಯಾಬು ಸೇರಿದ, ನಾಗಪತಿ ಪಾನಾ ಹಿಡಿದ. ಭಾನುವಾರ ಬಂತೆಂದರೆ ಸದಾಶಿವ ಶಿರಸಿಯಿಂದ ಬಸ್ಸು ಹತ್ತಿ ಆ ಗ್ಯಾರೇಜಿಗೆ ಹೋಗಿ ಒಂದು ಹಳೇ ಟೈರಿನ ಮೇಲೆ ಕೂರುತ್ತಿದ್ದ, ಕೆಲಸವೇನೂ ಇಲ್ಲ, ಸುಮ್ಮನೆ. ನಾಗಪತಿ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ; ಆಮೇಲೆ ಅದನ್ನು ಸದಾಶಿವನ ಕಿವಿಗೂ ಇಟ್ಟು, “ಕೇಳ್ತಾ? ಎರಡನೇ ಸಿಲಿಂಡರು ಕೆಮ್ತಾ ಐತೆ” ಎನ್ನುತ್ತಿದ್ದ. ಸದಾಶಿವನಿಗೆ ಬರೀ ಗಡಗಡ ಕೇಳುತ್ತಿತ್ತು, ಆದರೂ ಹೌದು ಹೌದು ಎನ್ನುತ್ತಿದ್ದ. ಹನ್ನೊಂದು ಗಂಟೆಗೆ ಎದುರಿನ ಹೋಟೆಲಿನ ಬನ್ಸು, ಎಷ್ಟು ತೊಳೆದರೂ ಬೆರಳಲ್ಲಿ ಉಳಿದ ಪೆಟ್ರೋಲಿನ ವಾಸನೆಯ ಜೊತೆಗೇ ತಿನ್ನುವುದು. ಆ ರುಚಿ ಆಮೇಲೆ ಯಾವ ಊರಿನ ಯಾವ ಬನ್ಸಿನಲ್ಲೂ ಸಿಗಲಿಲ್ಲ. ತನ್ನ ಬದುಕಿನಲ್ಲಿ ಸುಖವಾಗಿದ್ದ ದಿನಗಳು ಯಾವುವು ಎಂದು ಯಾರಾದರೂ ಕೇಳಿದರೆ ಅವನು ಮದುವೆಯ ದಿನವನ್ನು ಹೇಳುತ್ತಿರಲಿಲ್ಲ, ಆ ಟೈರಿನ ಮೇಲೆ ಕೂತ ಭಾನುವಾರಗಳನ್ನು ಹೇಳುತ್ತಿದ್ದ. ಯಾರೂ ಕೇಳಲಿಲ್ಲ.

ಅಪ್ಪ ಸಾಯುವ ಮುಂಚಿನ ವರ್ಷ ಕಾರು ಕೊಂಡಾಗ ಆರಿಸಿದ್ದು ನಾಗಪತಿ, ಸದಾಶಿವನಿಗೆ ಓಡಿಸಲು ಕಲಿಸಿದ್ದೂ ಅವನೇ. ಬ್ರೇಕಿನ ವಿಷಯದಲ್ಲಿ ಮಾತ್ರ ಅವನದೊಂದು ಕಟ್ಟುನಿಟ್ಟು ಇತ್ತು. ಗ್ಯಾರೇಜಿನ ಧೂಳಿನಲ್ಲಿ ಬ್ರೇಕ್ ಬಿಚ್ಚುವವನೇ ಅಲ್ಲ. ಕಾರಿನವರ ಮನೆಗೆ ಹೋಗಿ, ಅಂಗಳ ತೊಳೆಸಿ, ಚಪ್ಪಲಿ ದೂರ ಬಿಟ್ಟು, ಸೋಪು ಹಾಕಿ ಮೊಣಕೈತನಕ ಕೈ ತೊಳೆದು, ಆಮೇಲೆ ಕೂರುವುದು. ರಬ್ಬರಿಗೆ ಬ್ರೇಕ್ ಆಯಿಲ್ ಬಿಟ್ಟು ಬೇರೆ ಯಾವ ಎಣ್ಣೆಯ ಹನಿಯೂ ತಾಗಬಾರದು, ತಾಗಿದರೆ ಉಬ್ಬುತ್ತದೆ, ಉಬ್ಬಿದರೆ ಪಿಸ್ಟನ್ ಹಿಂದೆ ಸರಿಯುವುದಿಲ್ಲ, ಹಿಡಿದ ಬ್ರೇಕು ಹಿಡಿದೇ ಇರುತ್ತದೆ, ಕಾದು ಕಾದು ಕೊನೆಗೆ ಆಯಿಲ್ಲೇ ಕುದಿದು ಪೆಡಲ್ ತಳಕ್ಕೆ ಹೋಗುತ್ತದೆ. ಇದನ್ನೆಲ್ಲ ಅವನು ಸದಾಶಿವನಿಗೆ ಹೇಳಿಕೊಟ್ಟಿದ್ದ. ಇನ್ನೊಂದು ನಿಯಮ: ಬ್ರೇಕ್ ಕಟ್ಟಿದವನೇ ಮೊದಲು ಆ ಕಾರಿನಲ್ಲಿ ಇಳಿಜಾರು ಇಳಿಯಬೇಕು. ಅಮ್ಮನಿಗೆ ಅವನ ಈ ಶಿಸ್ತು ಬಹಳ ಹಿಡಿಸಿತ್ತು. “ನಮ್ಮನೆ ಗಂಡಸ್ರಿಗಿಂತ ಇವಂದೇ ಮಡಿ ಜಾಸ್ತಿ ಇದ್ದು” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಆ ಮಡಿಯೇ ಮುಳುವಾಯಿತು. ಆ ನವಮಿಯ ಬೆಳಿಗ್ಗೆ ನಾಗಪತಿ ತೊಳೆದು ಒರೆಸಿ ಸಾಲಾಗಿ ಇಟ್ಟ ಪಿಸ್ಟನ್ನು, ಹೊಸ ಸೀಲಿನ ರಬ್ಬರ್ ಬಳೆ, ರಬ್ಬರ್ ಟೊಪ್ಪಿಗಳನ್ನೆಲ್ಲ ಕಂಡು ಅಮ್ಮನಿಗೆ ಅವು ಪೂಜೆಗೆ ಇಟ್ಟಂತೆಯೇ ಕಂಡಿರಬೇಕು. ಅವನು ತನ್ನ ಗ್ಯಾರೇಜಿನ ಪೂಜೆ ಮುಗಿಸಿ ಮಧ್ಯಾಹ್ನ ಬರುತ್ತೇನೆಂದು ಸಿದ್ದಾಪುರಕ್ಕೆ ಹೋಗಿದ್ದ. ಕತ್ತಿ, ಹಾರೆ, ಈಳಿಗೆಮಣೆಗಳಿಗೆ ಹಚ್ಚಿದ ಹಾಗೆಯೇ ಅಮ್ಮ ಕೊಬ್ಬರಿ ಎಣ್ಣೆಯ ಬಟ್ಟಲಲ್ಲಿ ಬೆರಳು ಅದ್ದಿ ಒಂದೊಂದಕ್ಕೂ ನೀವಿ ನೀವಿ ಹಚ್ಚಿ, ಕುಂಕುಮ ಇಟ್ಟು, ಒಂದೊಂದು ಸೇವಂತಿಗೆ ಎಸಳು ಇಟ್ಟಳು. ಸದಾಶಿವ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತು ಅದನ್ನು ನೋಡಿದ. ಮೊದಲಿನಿಂದ ಕೊನೆಯ ತನಕ ನೋಡಿದ. ಅಮ್ಮ ಎಂದು ಕರೆಯಲು ಬಾಯಿ ತೆರೆದ, ಅವಳ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ಬಾಯಿ ಮುಚ್ಚಿದ. ಅವಳು ಒಳಗೆ ಹೋದ ಮೇಲೆ ಬಟ್ಟೆಯಿಂದ ಎಲ್ಲ ಒರೆಸಿದ. ಸೀಲುಗಳು ಬೆರಳಿಗೆ ಜಾರುತ್ತಿದ್ದವು. ಹೊಸ ಕಿಟ್ಟಿಗೆ ಹುಬ್ಬಳ್ಳಿಗೆ ಹೇಳಿ ಕಳಿಸಬೇಕು, ವಾರ ಹಿಡಿಯುತ್ತದೆ; ತಂಗಿ ಜಯಾಳನ್ನು ನೋಡಲು ಬರುವವರನ್ನು ಅಷ್ಟರೊಳಗೆ ಇದೇ ಕಾರಿನಲ್ಲಿ ಮಾಗೋಡು ಜಲಪಾತಕ್ಕೆ ಕರೆದೊಯ್ಯಬೇಕು. ಇಷ್ಟು ಚೂರು ಎಣ್ಣೆಗೆ ಏನಾಗುತ್ತದೆ ಎಂದುಕೊಂಡ. ನಾಗಪತಿ ಬಂದು ಕೈತೊಳೆದು ಕೂತು ಜೋಡಿಸುವಾಗ ಪಕ್ಕದಲ್ಲಿ ಕೂತು ಪಾನಾ ಎತ್ತಿಕೊಟ್ಟ. ಅವತ್ತು ಸಂಜೆ ನಾಗಪತಿ ಇಳಿಜಾರು ಇಳಿದು ನೋಡಿದಾಗ ಬ್ರೇಕು ಸರಿಯಾಗೇ ಹಿಡಿಯಿತು; ರಬ್ಬರು ಉಬ್ಬಲು ನಾಲ್ಕೈದು ದಿನ ಬೇಕು.

ಹೊರಗೆ ಗೇಟಿನ ಕೊಂಡಿ ಸದ್ದಾಯಿತು. ನಾಗಪತಿ. ತಲೆ ಪೂರ್ತಿ ಬಿಳಿಯಾಗಿತ್ತು, ಹೆಗಲ ಮೇಲೆ ಟವೆಲು, ಕೈಯಲ್ಲಿ ಪಂಕ್ಚರ್ ಅಂಗಡಿಯ ಕಾಲು ಪಂಪು. ಬಲಗಾಲು ಮಡಚದೆ, ಸೊಂಟದಿಂದ ಎತ್ತಿ ಮುಂದಿಡುತ್ತ ಬಂದವನು ಮೊದಲು ನೋಡಿದ್ದು ಕಾರನ್ನು. “ಇನ್ನೂ ಇಟ್ಕಂಡೀಯಲ ಮಾರಾಯ ಇದನ್ನ” ಎಂದ. ಚಪ್ಪಲಿಯನ್ನು ಗೇಟಿನ ಬಳಿಯೇ ಬಿಟ್ಟ. ನಲ್ಲಿಯ ಹತ್ತಿರ ಹೋಗಿ ಸೋಪು ಎಲ್ಲಿ ಎಂದು ಕೇಳಿದ. ಮೊಣಕೈತನಕ ತೊಳೆಯುವುದನ್ನು ಸದಾಶಿವ ನೋಡುತ್ತ ನಿಂತ. ಆ ಕೈಗಳು ಮಾತ್ರ ಹಾಗೇ ಇದ್ದವು.

ಜಗಲಿಯಲ್ಲಿ ಕೂತ ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ನಾಗಪತಿಯನಾ? ಬಂದ್ಯನೋ? ಎಷ್ಟು ವರ್ಷ ಆತು. ಕಾಲು ಹೆಂಗಿದ್ದು?” “ಐತೆ ಅಮ್ಮ, ಅದರ ಪಾಡಿಗೆ ಅದು ಐತೆ” ಎಂದು ಅವನು ನಕ್ಕ. “ಮೊದ್ಲು ಆಸ್ರಿಗೆ ಕುಡಿ” ಎಂದು ಅವಳು ಒಳಗೆ ಕೂಗಿ ಹೇಳಿದಳು. ಪರಿಮಳಾ ಚಹಾ ತಂದಿಟ್ಟಳು. ಕೈ ತೊಳೆದಾಗಿದೆ, ಲೋಟ ಮುಟ್ಟಿದರೆ ಮತ್ತೆ ತೊಳೆಯಬೇಕು ಎಂದು ನಾಗಪತಿ ಅದನ್ನು ಆರಲು ಬಿಟ್ಟ. ಆ ಚಹಾ ಕೊನೆಗೂ ಯಾರೂ ಕುಡಿಯಲಿಲ್ಲ.

ಜಗಲಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಅವನು ಕಚ್ಚಿಕೊಂಡ ಕ್ಯಾಲಿಪರನ್ನು ತೊಡೆಯ ಮೇಲೆ ಇಟ್ಟುಕೊಂಡ. ಪಿಸ್ಟನ್ನಿನ ಎದುರು ಒಂದು ಮರದ ತುಂಡು ಇಟ್ಟು, ಆಯಿಲ್ ಬರುವ ತೂತಿಗೆ ಪಂಪಿನ ನಳಿಗೆ ಸಿಕ್ಕಿಸಿ, “ತುಳಿ” ಎಂದ. ಸದಾಶಿವ ತುಳಿದ. ನಾಲ್ಕು ಸಲ ಏನೂ ಇಲ್ಲ, ಐದನೆಯದಕ್ಕೆ ಟಪ್ಪೆಂದು ಪಿಸ್ಟನ್ ಹಾರಿ ಮರಕ್ಕೆ ಬಡಿಯಿತು. ನಾಗಪತಿಯ ಮುಖ ಅರಳಿತು, ಹಳೇ ಭಾನುವಾರಗಳ ಹಾಗೆಯೇ. “ನಿಂಗೆ ಬರ್ತಿರಲಿಲ್ವನಾ ಇದು? ಲ್ಯಾಬಿನಲ್ಲಿ ಎಂತ ಮಾಡ್ತಿದ್ದೆ ಹಂಗಾರೆ?” ಎಂದು ಕೆಣಕಿದ. ಸದಾಶಿವ ನಕ್ಕ. ಈಗ ಹೇಳಿಬಿಡಬೇಕು ಎಂದುಕೊಂಡ. ಆದರೆ ಎಷ್ಟೋ ವರ್ಷಗಳ ಮೇಲೆ ಬಂದ ಈ ನಗುವನ್ನು ಐದು ನಿಮಿಷವಾದರೂ ಇಟ್ಟುಕೊಳ್ಳೋಣ ಎನಿಸಿತು. ಪಿಸ್ಟನ್ನಿನ ತುಕ್ಕು ಉಜ್ಜುತ್ತ ಇಬ್ಬರೂ ಹೈಸ್ಕೂಲಿನ ಮಾಸ್ತರರ ಬಗ್ಗೆ ಮಾತಾಡಿದರು. ಒಂದು ಗಂಟೆ ಹೀಗೇ ಹೋಯಿತು.

ಆ ವರ್ಷ ಮಾಗೋಡಿಗೆ ಹೊರಡುವ ದಿನ ಬೆಳಿಗ್ಗೆ ಪೆಟ್ರೋಲು ಹಾಕಿಸಿಕೊಂಡು ಬಂದಾಗ ಸದಾಶಿವ ಮುಂದಿನ ಎಡ ಚಕ್ರವನ್ನು ಮುಟ್ಟಿ ನೋಡಿದ್ದ. ಬಿಸಿಯಿತ್ತು. ಒಂದು ಮೈಲಿ ಓಡಿದ ಕಾರಿನ ಚಕ್ರ ಅಷ್ಟು ಬಿಸಿ ಇರಬಾರದು. ಅದಕ್ಕೆ ಅವನು ಏನು ಮಾಡಿದ? ತಲೆನೋವು ಎಂದ. ಘಟ್ಟದ ತಿರುವಿಗೆ ತನ್ನ ಕೈ ಇನ್ನೂ ಪಳಗಿಲ್ಲ, ನೀನೇ ಕರೆದುಕೊಂಡು ಹೋಗು ಎಂದು ನಾಗಪತಿಗೆ ಕೀಲಿ ಕೊಟ್ಟು ಒಳಗೆ ಹೋಗಿ ಮಲಗಿದ. ಹೆದರಿದ್ದನೇ? ಹೆದರಿದ್ದೆ ಎಂದು ತನಗೆ ತಾನೇ ಹೇಳಿಕೊಳ್ಳಲು ಅವನಿಗೆ ಹತ್ತು ವರ್ಷ ಬೇಕಾಯಿತು. ಯಲ್ಲಾಪುರ ದಾಟಿ ಇಳಿಜಾರಿನಲ್ಲಿ ಚಕ್ರದಿಂದ ಹೊಗೆ ಬಂತು, ಪೆಡಲ್ ತಳಕ್ಕೆ ಹೋಯಿತು. ನಾಗಪತಿ ಕಣಿವೆಯ ಕಡೆ ಬಿಡದೆ ಕಾರನ್ನು ರಸ್ತೆ ಬದಿಯ ಮಣ್ಣಿನ ಧರೆಗೆ ಗುದ್ದಿ ನಿಲ್ಲಿಸಿದ. ಹಿಂದೆ ಕೂತ ಗಂಡಿನ ಕಡೆಯವರಿಗೆ ತರಚಿದ ಗಾಯ. ಅವನ ಮಂಡಿ ಪುಡಿ. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವನು ಮೇಲಿನ ಫ್ಯಾನು ನೋಡುತ್ತ, “ಸೀಲು ಕೂರಿಸುವಾಗ ನನ್ನ ಕೈಯೇ ತಪ್ಪಿತ್ತು ಕಾಣ್ತದೆ” ಎಂದ. ಆಗ ಸದಾಶಿವ ಹೇಳಿದ್ದು ಒಂದೇ ಮಾತು. “ಇರಬಹುದು.” ಬೇರೆ ಎಲ್ಲದಕ್ಕೂ ಏನಾದರೂ ನೆಪ ಕೊಟ್ಟುಕೊಳ್ಳಬಹುದಿತ್ತು, ಈ ಮಾತಿಗೆ ಯಾವ ನೆಪವೂ ಹೊಂದಲಿಲ್ಲ. ತಾನೇ ಕಟ್ಟಿದ ಬ್ರೇಕು ತನಗೇ ಹಿಡಿಯದ ಮೆಕ್ಯಾನಿಕ್ಕಿನ ಹತ್ತಿರ ಯಾರು ಕಾರು ಬಿಡುತ್ತಾರೆ. ವರ್ಷದೊಳಗೆ ಗ್ಯಾರೇಜು ಮುಚ್ಚಿತು, ನಾಗಿಯ ತವರೂರು ಎಕ್ಕಂಬಿಯಲ್ಲಿ ಸೈಕಲ್ ಪಂಕ್ಚರಿನ ಅಂಗಡಿಯಾಯಿತು. ಜಯಾಳ ಮದುವೆ ಆ ಗಂಡಿನ ಜೊತೆಗೇ ಆಯಿತು. ಈಗಲೂ ಮನೆಯಲ್ಲಿ ನೆಂಟರು ಸೇರಿದಾಗ ಯಾವುದಾದರೂ ಕೆಲಸ ಕೈಕೊಟ್ಟರೆ ಭಾವ “ಇದು ನಾಗಪತಿಯ ಬ್ರೇಕು ಆತು” ಎನ್ನುತ್ತಾನೆ, ಎಲ್ಲರೂ ನಗುತ್ತಾರೆ. ಸದಾಶಿವನೂ ನಗುತ್ತಾನೆ. ಎಲ್ಲರ ಜೊತೆ ಕೂತವನು ನಗದೆ ಹೇಗೆ ಇರುವುದು.

ಅಮ್ಮ ಜಗಲಿಯಿಂದ ಇಳಿದು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಗೋಡೆ ಹಿಡಿದು ನಿಧಾನವಾಗಿ ಬಂದು ಪೇಪರಿನ ಪಕ್ಕ ನಿಂತಿದ್ದಳು. ಒಂದು ಕೈಯಲ್ಲಿ ಕುಂಕುಮದ ಭರಣಿ, ಇನ್ನೊಂದರಲ್ಲಿ ಎಣ್ಣೆಯ ಬಟ್ಟಲು. ಹೊಸ ಸೀಲುಗಳು ತಟ್ಟೆಯಲ್ಲಿ ಒಂದರ ಪಕ್ಕ ಒಂದು ಇದ್ದವು. “ಎಲ್ಲ ಚೊಲೋ ಜೋಡ್ಸಿದ್ರಲೋ. ಒಂಚೂರು ಹಚ್ಚಿಕ್ಕೆ ಹೋಗ್ತಿ” ಎಂದು ಬಗ್ಗಿದಳು. ಸದಾಶಿವ ಇಪ್ಪತ್ತೈದು ವರ್ಷ ಪ್ರತಿ ನವಮಿಗೂ ಈ ಗಳಿಗೆಯನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ, ಅಮ್ಮಾ ಬೇಡ ಎಂದು ಕೂಗಿದ್ದನಲ್ಲ, ಈಗ ಎದುರಿಗೇ ಬಂದರೆ ಸ್ವರವೇ ಬರಲಿಲ್ಲ. ಅಷ್ಟರಲ್ಲಿ ನಾಗಪತಿ ಹೆಗಲ ಮೇಲಿನ ಟವೆಲನ್ನು ಎಳೆದು ತಟ್ಟೆಯ ಮೇಲೆ ಹಾಸಿಬಿಟ್ಟ. ತಲೆ ಕೂಡ ಎತ್ತಲಿಲ್ಲ. ಇನ್ನೊಂದು ಕೈಯಿಂದ ಪಕ್ಕದಲ್ಲಿದ್ದ ಹಳೇ ಪಾನಾ ಎತ್ತಿ ಅವಳ ಮುಂದೆ ಹಿಡಿದ. “ಅದು ಇನ್ನೂ ಹೊಸದು ಅಮ್ಮ, ಒಂದು ದಿನವೂ ದುಡಿದಿಲ್ಲ, ಅದಕ್ಕೆ ಎಂತಕ್ಕೆ ಪೂಜೆ? ಇದಕ್ಕೆ ಹಚ್ಚಿ, ಇದು ನಲವತ್ತು ವರ್ಷ ದುಡಿದೈತೆ.” “ಅದೂ ಹೌದಲಾ” ಎಂದು ಅಮ್ಮ ಪಾನಾಕ್ಕೆ ಎಣ್ಣೆ ನೀವಿದಳು, ಕುಂಕುಮ ಇಟ್ಟಳು, ಬೆರಳಲ್ಲಿ ಉಳಿದ ಎಣ್ಣೆಯನ್ನು ನಾಗಪತಿಯ ನೆತ್ತಿಗೆ ಒರೆಸಿ, ಮತ್ತೆ ಗೋಡೆ ಹಿಡಿದುಕೊಂಡು ಜಗಲಿ ಹತ್ತಿದಳು.

ನಾಗಪತಿ ಎದ್ದು ಹೋಗಿ ಕೈ ತೊಳೆದು ಬಂದ. ಟವೆಲು ತೆಗೆದ. ಒಂದು ಸೀಲನ್ನು ಬ್ರೇಕ್ ಆಯಿಲಿನಲ್ಲಿ ಅದ್ದಿ ಬೆರಳ ತುದಿಯಿಂದ ಒಳಗಿನ ಕಚ್ಚಿಗೆ ಕೂರಿಸತೊಡಗಿದ.

“ನಿಂಗೆ ಗೊತ್ತಿತ್ತು” ಎಂದ ಸದಾಶಿವ.

“ಮೆಲ್ಲಗೆ ಮಾತಾಡು.” ನಾಗಪತಿ ಜಗಲಿಯ ಕಡೆ ನೋಡಿದ. ಅಮ್ಮನಿಗೆ ಕಿವಿ ಅಷ್ಟಕ್ಕಷ್ಟೆ, ಆದರೂ ದನಿ ತಗ್ಗಿಸಿದ. “ಕೋಲು ಹಿಡ್ಕಂಡು ಓಡಾಡೋ ಹಂಗಾದ ಮೇಲೆ ಒಂದಿನ ಇಲ್ಲಿಗೆ ಬಂದಿದ್ದೆ. ನೀ ಕಾಲೇಜಿಗೆ ಹೋಗಿದ್ದೆ. ಕಾರು ಅಲ್ಲೇ ಮೂಲೆಯಲ್ಲಿ ಬಿದ್ದಿತ್ತು. ನನ್ನ ಕೈ ಎಲ್ಲಿ ತಪ್ಪಿತು ಅಂತ ನೋಡಬೇಕಿತ್ತು ನಂಗೆ. ಬಿಚ್ಚಿದೆ. ಸೀಲು ಉಬ್ಬಿ ಕೂತಿತ್ತು. ಮೂಸಿದೆ. ಕೊಬ್ಬರಿ ಎಣ್ಣೆ ಸುಟ್ಟ ವಾಸನೆ. ನವಮಿ ನೆನಪಾತು. ಅಮ್ಮ ಅವತ್ತು ಕಾಪಿ ಮಾಡಿಕೊಟ್ರು, ಕುಡದು ಹೋದೆ.”

“ಯಾರಿಗೂ ಹೇಳಲಿಲ್ಲ.”

“ಯಾರಿಗೆ ಹೇಳೂದು? ಅವರಿಗೆ ಗೊತ್ತಾಗಿದ್ರೆ ದೇವರ ದೀಪಕ್ಕೂ ಎಣ್ಣೆ ಹಾಕ್ತಿರಲಿಲ್ಲ ಆಮೇಲೆ. ನಿಂಗೆ ಹೇಳಿದ್ರೆ ನೀ ಅವರ ಕೈಯಿಂದ ಬಡಿಸ್ಕಂಡು ಉಣ್ಲಿಕ್ಕೆ ಆಗ್ತಿತ್ತಾ?” ಸೀಲು ಕಚ್ಚಿನಲ್ಲಿ ಕೂತಿತು. ಬೆರಳಿನಿಂದ ಸುತ್ತ ಒಮ್ಮೆ ಸವರಿ ನೋಡಿದ. “ನಿಂಗೆ ಪಾಪ ಗೊತ್ತೇ ಇರಲಿಲ್ಲ. ಗೊತ್ತಿದ್ರೆ ಹೇಳದೆ ಇರ್ತಿದ್ಯನಾ ನೀನು.”

ಸದಾಶಿವನಿಗೆ ಮೊದಲು ಬಂದದ್ದು ನಿರಾಳ. ನಾಚಿಕೆಗೇಡು, ಆದರೆ ಬಂದದ್ದು ಅದೇ. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗೆ. ಗೊತ್ತಿತ್ತು ಅವನಿಗೆ. ಕ್ಷಮಿಸಿಯೂ ಆಗಿತ್ತು. ಇನ್ನು ಹೇಳುವುದಕ್ಕೆ ಏನು ಉಳಿದಿದೆ, ಇಬ್ಬರೂ ಸೇರಿ ಬ್ರೇಕು ಕಟ್ಟಿ, ಊಟ ಮಾಡಿ, ಮುಂದಿನ ಭಾನುವಾರ ಎಕ್ಕಂಬಿಗೆ ಹೋಗಿ ಆ ಪಂಕ್ಚರ್ ಅಂಗಡಿಯ ಮುಂದೆ ಒಂದು ಟೈರಿನ ಮೇಲೆ ಕೂರಬಹುದು. ಮತ್ತೆ ಬನ್ಸು ತಿನ್ನಬಹುದು. ಅದೆಲ್ಲ ಕೈಗೆ ಸಿಗುವಷ್ಟು ಹತ್ತಿರ ಬಂದು ನಿಂತಿತ್ತು. ಆದರೆ ನಾಗಪತಿ ಕ್ಷಮಿಸಿದ್ದು ಅಮ್ಮನನ್ನು. ಇಷ್ಟು ವರ್ಷ ಅವನು ಬಾಯಿ ಮುಚ್ಚಿಕೊಂಡು ಕಾಪಾಡಿದ್ದು ಏನೂ ಅರಿಯದ ಒಬ್ಬ ಸದಾಶಿವನನ್ನು. ಅಂಥವನೊಬ್ಬ ಇರಲೇ ಇಲ್ಲ. ಈಗ ಸುಮ್ಮನಿದ್ದರೆ ಇನ್ನೊಂದು ಸಲ “ಇರಬಹುದು” ಎಂದ ಹಾಗೆ. ಹೇಳಿದರೆ ಆ ಟೈರು, ಆ ಭಾನುವಾರ, ಎಲ್ಲ ಹೋಗುತ್ತದೆ, ಹಿಂದಿನವೂ ಹೋಗುತ್ತವೆ. ಪಿಸ್ಟನ್ ಒಳಗೆ ಹೋಗಿ ಕೂತಿತು. ರಬ್ಬರ್ ಟೊಪ್ಪಿ ಕೂತಿತು. ಎರಡು ಕ್ಯಾಲಿಪರುಗಳೂ ಡಿಸ್ಕಿನ ಮೇಲೆ ಹೋಗಿ ಕೂತು ಬೋಲ್ಟು ಬಿಗಿಯಾದವು. ನಾಗಪತಿ ಕೇಳಿದ ಪಾನಾವನ್ನು ಸದಾಶಿವ ಕೇಳಿದ ಹಾಗೆ ಎತ್ತಿಕೊಡುತ್ತಿದ್ದ, ಅವತ್ತಿನ ಹಾಗೆಯೇ.

ಬ್ರೇಕಿನ ನಳಿಗೆಯಲ್ಲಿ ಸಿಕ್ಕಿದ ಗಾಳಿ ತೆಗೆಯುವ ಕೆಲಸ ಒಬ್ಬನಿಂದ ಆಗುವುದಿಲ್ಲ. ಒಬ್ಬ ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಚಕ್ರದ ಹತ್ತಿರ ಕೂತು ನಿಪ್ಪಲ್ ತಿರುಪನ್ನು ಸಡಿಲಿಸಿ ಆಯಿಲಿನ ಜೊತೆ ಗುಳ್ಳೆಗಳನ್ನು ಹೊರಗೆ ಬಿಟ್ಟು ಮತ್ತೆ ಬಿಗಿ ಮಾಡಬೇಕು. ಬಿಗಿ ಮಾಡುವ ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಕ್ಕೆ. ಸದಾಶಿವ ಸ್ಟೇರಿಂಗಿನ ಹಿಂದೆ ಕೂತ. ನಾಗಪತಿ ಎಡ ಚಕ್ರದ ಜಾಗದಲ್ಲಿ ಕಾಲು ಚಾಚಿ ಕೂತ, ಇಲ್ಲಿಂದ ಅವನು ಕಾಣುತ್ತಿರಲಿಲ್ಲ, ದನಿ ಮಾತ್ರ ಬರುತ್ತಿತ್ತು. “ಒತ್ತಿ ಹಿಡಿ.” ಒತ್ತಿದ. ಪೆಡಲ್ ಮೆಲ್ಲಗೆ ಕೆಳಗೆ ಹೋಯಿತು. “ಬಿಡು.” ಬಿಟ್ಟ. ಐದು ಸಲ, ಆರು ಸಲ. ಮುಖ ಕಾಣದಿದ್ದದ್ದೇ ಒಳ್ಳೆಯದಾಯಿತು. “ಒತ್ತಿ ಹಿಡಿ” ಎಂದು ಏಳನೇ ಸಲ ಕೇಳಿದಾಗ ಸದಾಶಿವ ಕಾಲು ಒತ್ತಿ ಹಿಡಿದುಕೊಂಡು ಎದುರಿನ ಗಾಜನ್ನು ನೋಡುತ್ತ ಹೇಳಿದ.

“ಅಮ್ಮ ಎಣ್ಣೆ ಹಚ್ಚಿದ್ದನ್ನ ನಾನು ನೋಡಿದ್ದೆ ನಾಗಪತಿ. ಅವತ್ತೇ. ಬಟ್ಟೆಯಲ್ಲಿ ಒರೆಸಿ ನಿಂಗೆ ಕೊಟ್ಟೆ. ಮಾಗೋಡಿಗೆ ಹೋಗುವ ದಿನ ಚಕ್ರ ಬಿಸಿ ಇತ್ತು, ಅದನ್ನೂ ಮುಟ್ಟಿ ನೋಡಿದ್ದೆ. ಆಸ್ಪತ್ರೆಯಲ್ಲಿ ನೀನು ನಿನ್ನ ಕೈ ತಪ್ಪಿತು ಅಂದಾಗ ನಂಗೆ ಎಲ್ಲ ಗೊತ್ತಿತ್ತು.”

ಆಯಿಲು ಬಾಟಲಿಗೆ ಇಳಿಯುವ ಸದ್ದು ನಿಂತುಹೋಗಿತ್ತು. ನಿಪ್ಪಲ್ ಬಿಗಿ ಮಾಡಿದನೋ ಇಲ್ಲವೋ ತಿಳಿಯದೆ ಸದಾಶಿವ ಕಾಲು ತೆಗೆಯುವ ಹಾಗಿರಲಿಲ್ಲ. ಒಳಗೆ ಪರಿಮಳಾ ಕಾಯಿ ತುರಿಯುವ ಸದ್ದು, ಜಗಲಿಯಲ್ಲಿ ಅಮ್ಮ ಯಾವುದೋ ಸ್ತೋತ್ರವನ್ನು ಅರ್ಧ ಹೇಳಿ ಮರೆತು ಮತ್ತೆ ಮೊದಲಿನಿಂದ ಶುರು ಮಾಡುವುದು. ಅವಳು ಮೂರು ಸಲ ಮೊದಲಿನಿಂದ ಶುರು ಮಾಡಿದಳು. ಸದಾಶಿವ ಬೆವರುತ್ತ ಹಿಡಿದೇ ಇದ್ದ.

“ಬಿಡು” ಎಂದಿತು ನಾಗಪತಿಯ ದನಿ. ಮೊದಲಿನ ಹಾಗೆಯೇ ಇತ್ತು. “ಇನ್ನು ಬಲಗಡೆದು.”

ಬಲಗಡೆಯದನ್ನೂ ಮುಗಿಸಿದರು. ಚಕ್ರ ಹಾಕಿದರು, ದಿಮ್ಮಿ ತೆಗೆದರು. ಪರಿಮಳಾ ಬಂದು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, “ಊಟ ತಯಾರಿದ್ದು, ಒಂದು ಸುತ್ತು ಹೋಗಿ ಬನ್ನಿ” ಎಂದಳು. ನಾಗಪತಿ ಕೈ ತೊಳೆದು, ಟವೆಲಿನಿಂದ ಒರೆಸಿಕೊಂಡು, ಚಪ್ಪಲಿ ಹಾಕಿಕೊಂಡು ಬಂದ. ಸದಾಶಿವ ಕೀಲಿಯನ್ನು ಅವನ ಮುಂದೆ ಹಿಡಿದ. ಕಟ್ಟಿದವನೇ ಮೊದಲು ಇಳಿಯಬೇಕಲ್ಲ. ನಾಗಪತಿ ಕೀಲಿಯನ್ನು ನೋಡಿದ, ಆಮೇಲೆ ಸದಾಶಿವನ ಮುಖವನ್ನು ನೋಡಿದ, ಬೆಳಗಿನಿಂದ ಮೊದಲ ಸಲ ಸರಿಯಾಗಿ ನೋಡಿದ.

“ನೀ ಓಡ್ಸು” ಎಂದ. “ಇವತ್ತು ತಲೆನೋವು ಇಲ್ಲವಲ್ಲ?”

ಅಂದರೆ ಅವನಿಗೆ ತಲೆನೋವು ನೆನಪಿತ್ತು. ಎಣ್ಣೆಯ ವಾಸನೆ ಹಿಡಿದ ದಿನದಿಂದಲೂ ಆ ತಲೆನೋವು ಅವನ ಮನಸ್ಸಿನ ಒಂದು ಮೂಲೆಯಲ್ಲಿತ್ತು, ಇಲ್ಲ, ಸದಾಶಿವ ಹಾಗೆ ಮಾಡುವವನಲ್ಲ ಎಂದು ಅವನು ಇಷ್ಟು ವರ್ಷ ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದ. ಸದಾಶಿವ ಹೋಗಿ ಸ್ಟೇರಿಂಗಿನ ಹಿಂದೆ ಕೂತ. ನಾಗಪತಿ ಪಂಪನ್ನು ಹಿಡಿದುಕೊಂಡೇ ಪಕ್ಕದ ಸೀಟಿಗೆ ಹತ್ತಿ, ಬಲಗಾಲನ್ನು ಎರಡು ಕೈಯಿಂದ ಎತ್ತಿ ಒಳಗಿಟ್ಟುಕೊಂಡ. ನಿಂಬೆಹಣ್ಣು ಸಿಡಿದವು. ಅಮ್ಮ ಜಗಲಿಯಿಂದ ಕೈ ಮುಗಿದಳು.

ಮನೆಯಿಂದ ಹೊರಟರೆ ರಸ್ತೆ ಇಳಿಜಾರೇ. ಅರ್ಧ ಇಳಿದ ಮೇಲೆ, “ಒತ್ತು” ಎಂದ ನಾಗಪತಿ. ಕಾರು ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ ನಿಂತಿತು. ಇನ್ನೆರಡು ಸಲ ಹಾಗೇ ನಿಲ್ಲಿಸಿದರು. ಮೂರನೇ ಸಲಕ್ಕೆ ಅವನು ಇಳಿದು, ಕೈಯ ಹಿಂಭಾಗದಿಂದ ಎಡ ಚಕ್ರವನ್ನು ಮುಟ್ಟಿದ, ಮುಂದಿನಿಂದ ಸುತ್ತಿ ಬಂದು ಬಲ ಚಕ್ರವನ್ನು ಮುಟ್ಟಿದ. “ಎರಡೂ ಒಂದೇ ಬಿಸಿ ಐತೆ. ಅಮ್ಮನ್ನ ಕರ್ಕಂಡು ಹೋಗ್ಲಕ್ಕು” ಎಂದ. ಬಾಗಿಲಿನಿಂದ ಪಂಪು ಎತ್ತಿಕೊಂಡ. “ನಾ ಇಲ್ಲಿಂದ ನಡ್ಕಂಡು ಹೋಗ್ತೆ.”

“ಊಟ ಮಾಡದೆ ಹೋಗ್ತೀಯಾ? ಹತ್ತು ಮಾರಾಯ. ಸ್ಟ್ಯಾಂಡಿಗಾದರೂ ಬಿಡ್ತೆ.”

“ಬ್ಯಾಡ.”

ಅವನು ನಡೆಯತೊಡಗಿದ. ಕಾಲು ಸೊಂಟದಿಂದ ಎತ್ತಿ, ಇಟ್ಟು, ಎತ್ತಿ. ಸದಾಶಿವ ಅಲ್ಲೇ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ನೋಡುತ್ತಿದ್ದ. ಹೇಳಬಾರದಿತ್ತು ಎಂದು ಅನಿಸಿತು, ಹೇಳದೆ ಇದ್ದಿದ್ದರೆ ಈಗ ಎಲೆ ಹಾಕಿಕೊಂಡು ಕೂತಿರುತ್ತಿದ್ದೆವು ಎಂದು ಅನಿಸಿತು, ಎರಡೂ ಅನಿಸಿದರೂ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ಹತ್ತು ಮಾರು ಹೋದ ಮೇಲೆ ನಾಗಪತಿ ನಿಂತ. ತಿರುಗಿ ನೋಡಲಿಲ್ಲ. ಪಂಪು ಹಿಡಿಯದ ಕೈಯನ್ನು ಬೆನ್ನ ಹಿಂದೆ ತಂದು ಎರಡು ಬೆರಳು ಅಲ್ಲಾಡಿಸಿದ, ಗ್ಯಾರೇಜಿನಲ್ಲಿ ಇಕ್ಕಟ್ಟಿನ ಜಾಗಕ್ಕೆ ಕಾರು ತರುವವನಿಗೆ ಮಾಡುತ್ತಿದ್ದ ಸನ್ನೆ: ಬಾ, ಮೆಲ್ಲಗೆ, ಇನ್ನೂ ಮೆಲ್ಲಗೆ. ಮತ್ತೆ ನಡೆಯತೊಡಗಿದ. ಸದಾಶಿವ ಎಂಜಿನ್ ಬಂದ್ ಮಾಡಿ ಕಾಲನ್ನು ಸ್ವಲ್ಪವೇ ಸಡಿಲಿಸಿದ. ಇಳಿಜಾರಿಗೆ ಕಾರು ತಾನಾಗಿ ಜರುಗಿತು. ಅವನು ಹೆಜ್ಜೆ ಇಟ್ಟಾಗ ಬಿಡುತ್ತ, ನಿಂತಾಗ ಒತ್ತುತ್ತ, ಅವನಿಂದ ಎರಡು ಮಾರು ಹಿಂದೆ, ಆ ಕುಂಟು ನಡಿಗೆಯಷ್ಟೇ ನಿಧಾನವಾಗಿ ಸದಾಶಿವ ಬಸ್ ಸ್ಟ್ಯಾಂಡಿನ ತನಕ ಇಳಿದ.